ಅಳತೆಯ ನೋಟ್‌ಬುಕ್: ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ಶಾರದಮ್ಮ ಎಂದು ಕರೆದಿರುವವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೆಸರು, ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಅವರಿಗೆ 64 ವರ್ಷ. ಹಳೇ ಮೈಸೂರು ಭಾಗದ ಪಟ್ಟಣವೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೊದಲ ಭೇಟಿಯ ದಿನ ಅವರು ಮಾತಿಗೆ ಮೊದಲು ಕೈಚೀಲದಿಂದ ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದು ನನ್ನ ಮುಂದಿಟ್ಟರು. ಅಡಿಪಟ್ಟಿ ಹಿಡಿದು ಎಳೆದ ಗೆರೆಗಳ ನಡುವೆ ದಿನಾಂಕ, ಎಡ, ನಡು, ಬಲ ಎಂಬ ನಾಲ್ಕು ಕಲಂಗಳಿದ್ದವು. ಬಟ್ಟೆ ಹೊಲಿಯುವವರ ಟೇಪಿನಿಂದ ಹುಬ್ಬುಗಳ ನಡುವಿನಿಂದ ಕೂದಲು ಶುರುವಾಗುವ ಜಾಗದವರೆಗೆ ಪ್ರತಿದಿನ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅಳೆದು, ಹದಿನಾಲ್ಕು ತಿಂಗಳು ಬಿಡದೆ ಬರೆದಿದ್ದರು. ಮೊದಲ ಪುಟದಲ್ಲಿ 72 ಮಿಲಿಮೀಟರ್ ಇದ್ದ ನಡುವಿನ ಅಳತೆ ಕೊನೆಯ ಪುಟದಲ್ಲಿ 81ಕ್ಕೆ ಬಂದಿತ್ತು.

ಅವರಿಗಿದ್ದದ್ದು ವೈದ್ಯರು ಫ್ರಂಟಲ್ ಫೈಬ್ರೋಸಿಂಗ್ ಅಲೋಪೇಷಿಯ ಎಂದು ಕರೆಯುವ, ಮುಂದಲೆಯ ಕೂದಲು ಶಾಶ್ವತವಾಗಿ ಹೋಗುವ ತೊಂದರೆ. ಆಸ್ಟ್ರೇಲಿಯಾದ ಚರ್ಮತಜ್ಞ ಸ್ಟೀವನ್ ಕೊಸ್ಸಾರ್ಡ್ ಇದನ್ನು 1994ರಲ್ಲಿ ಮುಟ್ಟು ನಿಂತ ಆರು ಮಹಿಳೆಯರಲ್ಲಿ ಗುರುತಿಸಿ ಮೊದಲ ಬಾರಿಗೆ ವರ್ಣಿಸಿದರು. ದೇಹದ ರಕ್ಷಣೆಗಿರುವ ಬಿಳಿ ರಕ್ತಕಣಗಳೇ ರೋಮಕೂಪದ ಮೇಲ್ಭಾಗವನ್ನು, ಅಂದರೆ ಕೂದಲನ್ನು ಮತ್ತೆ ಮತ್ತೆ ಹುಟ್ಟಿಸುವ ಮೂಲಕೋಶಗಳಿರುವ ಜಾಗವನ್ನು, ಸುತ್ತುವರಿದು ಉರಿಯೂತ ಉಂಟುಮಾಡುತ್ತವೆ. ಕ್ರಮೇಣ ಆ ಕೂಪವೇ ನಾಶವಾಗಿ ಅಲ್ಲಿ ಕಲೆಯ ಅಂಗಾಂಶ ತುಂಬಿಕೊಳ್ಳುತ್ತದೆ. ವಯಸ್ಸಿಗೆ ಕೂದಲು ತೆಳುವಾಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ರಂಧ್ರವಾದರೂ ಉಳಿದಿರುತ್ತದೆ. ಇಲ್ಲಿ ಮುಂದಲೆಯ ಚರ್ಮ ನುಣುಪಾಗಿ ಹೊಳೆಯುತ್ತದೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಕೂದಲು ನಿಂತಿರುತ್ತದೆ. ಶಾರದಮ್ಮನವರಿಗೆ ಮೊದಲು ಹೋದದ್ದು ಹುಬ್ಬು, ಅದನ್ನು ಅವರು ಥೈರಾಯ್ಡ್ ಎಂದುಕೊಂಡು ಸುಮ್ಮನಿದ್ದರು. ಬಯಾಪ್ಸಿ ಆಗಿ ಕಾಯಿಲೆಯ ಹೆಸರು ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷಗಳಲ್ಲಿ ಹರಳೆಣ್ಣೆ, ದಾಸವಾಳದ ಎಲೆ, ಮೆಂತ್ಯ, ಈರುಳ್ಳಿ ರಸ ಎಲ್ಲವೂ ತಲೆಗೆ ಬಿದ್ದಿದ್ದವು, ಜಾಹೀರಾತು ನೋಡಿ ಹೋದ ಒಂದು ಕೂದಲು ಚಿಕಿತ್ಸಾಲಯದಲ್ಲಿ ಕೂದಲು ನಾಟಿಗೆ ಮುಂಗಡವನ್ನೂ ಕಟ್ಟಿಬಂದಿದ್ದರು.

ಅವರನ್ನು ನನ್ನ ಬಳಿಗೆ ಕಳಿಸಿದ್ದು ಚರ್ಮತಜ್ಞರು. ಕಾರಣ, ಹಿಂದಿನ ವರ್ಷದ ಗೌರಿ ಹಬ್ಬದ ದಿನ ಪಕ್ಕದ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಬಾಗಿನ ಕೊಟ್ಟ ಮೇಲೆ ಆ ಮನೆಯ ಸೊಸೆ, ಹಿರಿಯ ಮುತ್ತೈದೆ ಎಂಬ ಪ್ರೀತಿಯಿಂದ, ತಾನೇ ಹೂವು ಮುಡಿಸಲು ಇವರ ತಲೆಗೆ ಕೈ ಹಾಕಿದಳು. ನೆತ್ತಿಯ ಕೂದಲನ್ನು ಮುಂದಕ್ಕೆ ಬಾಚಿ ನಾಲ್ಕು ಕ್ಲಿಪ್ಪುಗಳಲ್ಲಿ ಹಿಡಿಸಿದ್ದ ಏರ್ಪಾಡು ಜಾರಿ, ಒಂದು ಕ್ಲಿಪ್ಪು ಕುಂಕುಮದ ಬಟ್ಟಲಿಗೆ ಬಿತ್ತು. ಯಾರೂ ನಗಲಿಲ್ಲ. ಆ ಹುಡುಗಿ ಕ್ಲಿಪ್ಪನ್ನು ಒರೆಸಿ, ಏನೂ ನೋಡಿಲ್ಲದವಳಂತೆ ಅವರ ಕೈಗೆ ಕೊಟ್ಟಳು. ಅಂದಿನಿಂದ ಶಾರದಮ್ಮ ಯಾರ ಮನೆಯ ಅರಿಶಿನ ಕುಂಕುಮಕ್ಕೂ ಹೋಗಿರಲಿಲ್ಲ, ತಂಗಿಯ ಮಗನ ಮದುವೆಗೂ ಜ್ವರದ ನೆಪ ಹೇಳಿ ಉಳಿದುಬಿಟ್ಟಿದ್ದರು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಸಮಾಧಾನ ಹೇಳುವ ಆತುರದಲ್ಲಿ, ಕ್ಯಾನ್ಸರ್ ಚಿಕಿತ್ಸೆ ಪಡೆಯುವ ಮಹಿಳೆಯರು ಇದನ್ನು ಎಷ್ಟು ಧೈರ್ಯದಿಂದ ಎದುರಿಸುತ್ತಾರೆಂದು ನೆನಪಿಸಿದೆ. ಅವರು ನೋಟ್‌ಬುಕ್ ಮುಚ್ಚಿ, “ಅವರದು ಮತ್ತೆ ಬರುತ್ತೆ ಮೇಡಂ. ನನ್ನದು ಬರೋದಿಲ್ಲ” ಎಂದರು. ಮನೆಯಲ್ಲಿ ಯಜಮಾನರು “ಕೂದಲು ತಾನೆ, ಹೋದರೆ ಹೋಗಲಿ ಬಿಡು” ಎಂದದ್ದಕ್ಕೂ ನನ್ನ ಮಾತಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಎರಡನೆಯ ತಪ್ಪಿನಿಂದ ಕೂದಲೆಳೆಯಷ್ಟರಲ್ಲಿ ಪಾರಾದೆ. ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ ಹಿರಿಯ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದು ಗೌರವದ ರೂಢಿ, ಅದನ್ನೇ ಸೂಚಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ತಮ್ಮ ಅಜ್ಜಿಯ ಮಾತೆತ್ತಿದರು. ಇಪ್ಪತ್ತರೊಳಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡೇ ಬದುಕಿದ ಮಡಿ ಹೆಂಗಸು ಅವರ ಅಜ್ಜಿ. ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಿಗೆ ಕ್ಷೌರದವನು ಬರುತ್ತಿದ್ದ ದಿನ ಮಕ್ಕಳನ್ನೆಲ್ಲ ಮುಂದಿನ ಅಂಗಳಕ್ಕೆ ಓಡಿಸುತ್ತಿದ್ದರಂತೆ. ಓರಗಿತ್ತಿಯೊಬ್ಬರು “ಸೆರಗು ಹೊದ್ದುಕೊಂಡರಾಯಿತಲ್ಲ” ಎಂದಾಗ ಶಾರದಮ್ಮನವರಿಗೆ ಕನ್ನಡಿಯಲ್ಲಿ ಕಂಡದ್ದು ಆ ಅಜ್ಜಿ. “ಯಜಮಾನರು ಚೆನ್ನಾಗಿದ್ದಾರೆ ಮೇಡಂ, ಆದರೂ ಬೈತಲೆಗೆ ಕುಂಕುಮ ಇಡಲು ಜಾಗವಿಲ್ಲ” ಎಂಬ ಅವರ ಮಾತಿನಲ್ಲಿ ಸೌಂದರ್ಯದ ಚಿಂತೆಗಿಂತ ಅಪಶಕುನದ ಭಯ ಹೆಚ್ಚಾಗಿತ್ತು, ಅದನ್ನು ಅವರು ಗಂಡನಿಗೆ ಒಮ್ಮೆಯೂ ಹೇಳಿರಲಿಲ್ಲ. ವಯಸ್ಸಾದವರ ಕೂದಲ ದುಃಖವನ್ನು ಅಲಂಕಾರದ ಮೋಹವೆಂದು ತಳ್ಳಿಹಾಕುವವರು ಈ ಒಂದು ಮಾತನ್ನು ಕೇಳಿಸಿಕೊಳ್ಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಿರಿಯರ ಖಿನ್ನತೆಯನ್ನು ಅಳೆಯುವ 15 ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ 7 ಅಂಕ ಬಂತು. ಸಾಮಾನ್ಯವಾಗಿ 5ನ್ನು ಮೀರಿದರೆ ಗಮನ ಕೊಡಬೇಕು. ಬದುಕು ಬೇಡವೆನ್ನುವ ಯೋಚನೆಗಳಿವೆಯೇ ಎಂದು ನೇರವಾಗಿಯೇ ಕೇಳಿದೆ, ಇರಲಿಲ್ಲ. ಆದರೂ ರಾತ್ರಿ ಹೊತ್ತು ಮನಸ್ಸು ತೀರಾ ಕುಗ್ಗಿದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಮುಂದಿನ ಆರು ಭೇಟಿಗಳಲ್ಲಿ ನಾವು ಮೊದಲು ಕೈಗೆತ್ತಿಕೊಂಡದ್ದು ಆಸೆಯ ಪ್ರಶ್ನೆಯನ್ನು. ಕೂದಲು ಮರಳಿ ಬರಬಹುದೆಂಬ ನಿರೀಕ್ಷೆ ಅವರಿಗೆ ನೆರವಾಗುತ್ತಿರಲಿಲ್ಲ. ಪ್ರತಿ ಹೊಸ ಎಣ್ಣೆಯ ಶೀಶೆಯೊಂದಿಗೆ ಅದು ಹುಟ್ಟಿ, ಶೀಶೆ ಖಾಲಿಯಾಗುವಾಗ ಅವರನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತಿತ್ತು. ಹೋದದ್ದು ಹೋಯಿತು ಎಂದು ಗಟ್ಟಿಯಾಗಿ ಹೇಳಿ ಅತ್ತುಬಿಡಲು ನಾನು ಸಮಯ ಕೊಟ್ಟೆ, ಅದಕ್ಕೆ ಒಂದಿಡೀ ಭೇಟಿ ಬೇಕಾಯಿತು. ಆಮೇಲೆ ಚಿಕಿತ್ಸೆಯ ಗುರಿ ಬೇರೆ ಎಂಬುದನ್ನು ಅವರೇ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಇರುವುದನ್ನು ಉಳಿಸಿಕೊಳ್ಳುವುದು. ವೈದ್ಯರು ಕೊಟ್ಟಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಕಣ್ಣಿಗೆ ಕೇಡೆಂದು ಎಲ್ಲೋ ಓದಿ ಮೂರು ತಿಂಗಳಿಂದ ನಿಲ್ಲಿಸಿದ್ದ ವಿಷಯ ಆಗ ಹೊರಬಂತು. ಔಷಧದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸವಲ್ಲ. ಆದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕೆಂದೂ, ತೂಕಕ್ಕೆ ತಕ್ಕ ಪ್ರಮಾಣ ಎಷ್ಟು, ಕಣ್ಣಿನ ಪರೀಕ್ಷೆ ಯಾವಾಗ ಯಾವಾಗ, ಪರಿಣಾಮ ತಿಳಿಯಲು ಎಷ್ಟು ತಿಂಗಳು ಕಾಯಬೇಕು, ಕೂದಲು ನಾಟಿ ಮಾಡಿಸಬಹುದೇ ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದೊಯ್ಯಬೇಕೆಂದೂ ಹೇಳಿದೆ. ಕಾಯಿಲೆ ಸಂಪೂರ್ಣ ತಣ್ಣಗಾಗಿ ವರ್ಷಗಳಾಗದೆ ನಾಟಿ ಮಾಡಿಸಿದರೆ ನೆಟ್ಟ ಕೂದಲನ್ನೂ ಅದೇ ಉರಿಯೂತ ತಿಂದುಹಾಕಬಹುದೆಂದು ವೈದ್ಯರು ವಿವರಿಸಿದ ಮೇಲೆ, ಮುಂಗಡದ ಹಣ ಅರ್ಧ ಮಾತ್ರ ವಾಪಸಾದರೂ, ಅವರು ಆ ಯೋಚನೆ ಬಿಟ್ಟರು.

ಅಳತೆಯನ್ನು ಬಿಡಿಸುವುದು ಹೆಚ್ಚು ಕಷ್ಟವಾಯಿತು. ಒಂದು ಪುಟದಲ್ಲಿ ಒಂದೇ ದಿನ ಬೆಳಿಗ್ಗೆ 79, ಸಂಜೆ 81 ಎಂದಿತ್ತು. “ಹತ್ತು ಗಂಟೆಯಲ್ಲಿ ಎರಡು ಮಿಲಿಮೀಟರ್ ಕೂದಲು ಹೋಗುತ್ತದೆಯೇ ಟೀಚರ್?” ಎಂದು ಕೇಳಿದೆ. ಟೇಪು ಹಿಗ್ಗುತ್ತದೆ, ಹಣೆ ಸುಕ್ಕುಗಟ್ಟುತ್ತದೆ, ಗುರುತಿಟ್ಟ ಬಿಂದು ಸರಿಯುತ್ತದೆ ಎಂದು ಅಳತೆಯ ದೋಷಗಳನ್ನೆಲ್ಲ ಅವರೇ ಪಾಠದಂತೆ ಹೇಳಿ, ಆ ಕೋಣೆಯಲ್ಲಿ ಮೊದಲ ಬಾರಿಗೆ ನಕ್ಕರು. ಮೂರು ತಿಂಗಳಿಗೊಮ್ಮೆ ವೈದ್ಯರ ಬಳಿಯೇ ಅಳೆಸಿ, ಒಂದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡುವುದೆಂದು ಒಪ್ಪಂದವಾಯಿತು, ಟೇಪು ಯಜಮಾನರ ಬೀರುವಿಗೆ ಹೋಯಿತು. ಅಜ್ಜಿಯ ಕಥೆಯನ್ನು ಯಜಮಾನರಿಗೆ ಹೇಳಿದ್ದೂ ಟೇಪು ಕೊಟ್ಟ ಆ ಸಂಜೆಯೇ.

ತೋರಿಕೆಯ ವಿಷಯದಲ್ಲಿ ನಾನು ಕೊಟ್ಟ ಸಲಹೆಗಳು ಸಾಮಾನ್ಯವಾದವು. ಹಿಂದಿನ ಕೂದಲನ್ನು ಮುಂದಕ್ಕೆಳೆದು ಕ್ಲಿಪ್ಪಿನಲ್ಲಿ ಬಿಗಿಯುವುದರಿಂದ ಉಳಿದ ಕೂದಲಿಗೂ ಜಗ್ಗಾಟ, ಆದ್ದರಿಂದ ಸಡಿಲವಾದ ತುರುಬು, ಮುಂದಲೆಗೆ ಸೀರೆಯ ಬಣ್ಣಕ್ಕೆ ಹೊಂದುವ ಅಗಲವಾದ ಬಟ್ಟೆಯ ಹೇರ್ ಬ್ಯಾಂಡ್, ಬೆವರಿಗೆ ಹರಡುವ ಕಾಡಿಗೆಯ ಬದಲು ಕಂದು ಬಣ್ಣದ ಹುಬ್ಬಿನ ಪುಡಿ. ವಿಗ್ ಹಾಕಿ ನೋಡಿದರು, ಏಪ್ರಿಲ್ ಸೆಕೆಗೆ ಎರಡು ಗಂಟೆಯಲ್ಲಿ ತೆಗೆದಿಟ್ಟರು. ಅದಕ್ಕಿಂತ ಮುಖ್ಯವಾಗಿ, ಯಾರಾದರೂ ಕೇಳಿದರೆ ಹೇಳಲು ಒಂದೇ ವಾಕ್ಯವನ್ನು ಸಿದ್ಧಮಾಡಿ ಹಲವು ಸಲ ಗಟ್ಟಿಯಾಗಿ ಹೇಳಿಸಿದೆ: “ಚರ್ಮದ ಕಾಯಿಲೆ, ಅಂಟುವುದಿಲ್ಲ, ಔಷಧ ತೆಗೆದುಕೊಳ್ಳುತ್ತಿದ್ದೇನೆ.” ಮೊದಲು ತರಕಾರಿ ಅಂಗಡಿ, ನಂತರ ದೇವಸ್ಥಾನ, ಆಮೇಲೆ ನೆಂಟರ ಮನೆ ಎಂದು ಹೊರಗೆ ಹೋಗುವುದನ್ನು ಹಂತಹಂತವಾಗಿ ಹೆಚ್ಚಿಸಿದೆವು.

ಎಂಟು ತಿಂಗಳ ಮೇಲೆ ಅದೇ ಪಟ್ಟಿಯಲ್ಲಿ ಅಂಕ 4ಕ್ಕೆ ಇಳಿದಿತ್ತು, ವೈದ್ಯರ ಅಳತೆ ಎರಡು ಸಲ ಒಂದೇ ಬಂದಿತ್ತು. ಈ ವರ್ಷದ ಗೌರಿ ಹಬ್ಬಕ್ಕೆ ಶಾರದಮ್ಮ ಪಕ್ಕದ ಮನೆಗೆ ಹೋದರು. ಆ ಸೊಸೆ ಹೂವು ಹಿಡಿದು ಅನುಮಾನಿಸುತ್ತ ನಿಂತಾಗ, “ಕೈಗೆ ಕೊಡಮ್ಮ, ನಾನೇ ಮುಡಿದುಕೊಳ್ಳುತ್ತೇನೆ” ಎಂದು ಮಲ್ಲಿಗೆಯನ್ನು ತೆಗೆದುಕೊಂಡು ತುರುಬಿಗೆ ಸಿಕ್ಕಿಸಿಕೊಂಡು ಬಂದರಂತೆ. ಮದುವೆಮನೆಗಳ ಫೋಟೋಗೆ ಮಾತ್ರ ಅವರು ಇನ್ನೂ ನಿಂತಿಲ್ಲ.