ಓದುಗರ ಪ್ರಶ್ನೆ: ಶಾಲೆಯ ನೀರು, ಶೌಚಾಲಯದ ಚಿಲಕ, ನೀಲಿ ಮಾತ್ರೆ

ಶಾಲೆ ಮಕ್ಕಳ ಮತ್ತು ಮೇಷ್ಟ್ರು, ಮೇಡಂಗಳ ಆರೋಗ್ಯದ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದ ಪತ್ರಗಳಲ್ಲಿ ಯೋಗ, ಡಯೆಟ್ ಬಗ್ಗೆ ಕೇಳಿದವರು ಕಮ್ಮಿ. ನೀರಿನ ಬಗ್ಗೆ ಕೇಳಿದವರೇ ಜಾಸ್ತಿ.

ಪ್ರಶ್ನೆ: ಮಗಳು ನಾಲ್ಕನೇ ತರಗತಿ. ಹಲ್ಲಿನ ಮೇಲೆ ಕಂದು ಪಟ್ಟೆ ಬಂದಿದೆ. ಶಾಲೆಯಲ್ಲಿ ‘ಸರಿಯಾಗಿ ಹಲ್ಲುಜ್ಜಲ್ವಾ’ ಅಂತ ಎಲ್ಲರ ಮುಂದೆ ಬೈದರಂತೆ. ಈಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾಳೆ. ನಮ್ಮೂರಲ್ಲಿ ಬೋರ್‌ವೆಲ್ ನೀರು. ಕಾಯಿಸಿ ಆರಿಸಿಯೇ ಕೊಡುತ್ತೇವೆ. ಇನ್ನೇನು ಮಾಡಲಿ?
*ಒಬ್ಬ ತಾಯಿ, ಬಾಗೇಪಲ್ಲಿ ತಾಲ್ಲೂಕು*

ಉತ್ತರ: ಮೊದಲು ಆ ಬೈಗುಳ ನಿಲ್ಲಲಿ ತಾಯಿ. ಹಲ್ಲುಜ್ಜದೆ ಬಂದ ಕೊಳೆ ಉಜ್ಜಿದರೆ ಹೋಗುತ್ತೆ, ಈ ಪಟ್ಟೆ ಹೋಗಲ್ಲ. ನಿಮ್ಮ ಕಡೆ ಇದು ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ದಂತವೈದ್ಯರಿಗೆ ಒಮ್ಮೆ ತೋರಿಸಿ, ಅವರು ನೋಡಿಯೇ ಹೇಳುತ್ತಾರೆ. ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಕೆರೆ ಒಣಗಿದ ಮೇಲೆ ಸಾವಿರ ಅಡಿ ದಾಟಿ ಕೊರೆಯುತ್ತಾ ಹೋದೆವು, ಅಷ್ಟು ಆಳದಲ್ಲಿ ಬಂಡೆಯ ಸಂದಿನಲ್ಲಿ ಎಷ್ಟೋ ಕಾಲದಿಂದ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಇಳಿದಿರುತ್ತೆ.

ಕಾಯಿಸಿದರೆ ರೋಗಾಣು ಸಾಯುತ್ತೆ, ನಿಜ. ಫ್ಲೋರೈಡ್ ಮಾತ್ರ ಹೋಗಲ್ಲ. ನೀರು ಇಂಗಿದಷ್ಟೂ ಅದರ ಸಾಂದ್ರತೆ ಇನ್ನೂ ಸ್ವಲ್ಪ ಏರುತ್ತೆ. ಬಟ್ಟೆಯಲ್ಲಿ ಸೋಸಿದರೂ, ಕ್ಲೋರಿನ್ ಹಾಕಿದರೂ ಅಷ್ಟೇ. ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಲವಣ ಬೇರ್ಪಡಿಸುವ ಆರ್‌ಒ ಘಟಕದ ನೀರು ಆಗುತ್ತೆ. ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಇನ್ನೂ ಒಳ್ಳೆಯದು, ಅದರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು.

ಬಹಳ ಜನ ತಪ್ಪುವುದು ಅಡುಗೆಯಲ್ಲಿ. ಕುಡಿಯಲು ಕ್ಯಾನ್ ನೀರು ತರುತ್ತಾರೆ, ಅನ್ನ, ಸಾರು, ಮುದ್ದೆಯ ಎಸರು ಎಲ್ಲ ಬೋರ್‌ವೆಲ್ ನೀರಿನಲ್ಲೇ. ಆ ಫ್ಲೋರೈಡ್ ಊಟದ ಜೊತೆ ಹೊಟ್ಟೆಗೆ ಹೋಗುತ್ತಲ್ಲ! ಶಾಲೆಯಲ್ಲೂ ಇದನ್ನೇ ಕೇಳಿ: ಬಿಸಿಯೂಟಕ್ಕೆ ಯಾವ ನೀರು? ಹಾಲಿನ ಪುಡಿ ಕಲಸುವುದು ಯಾವ ನೀರಿನಲ್ಲಿ? ಮಕ್ಕಳಿಗೆ ಆರ್‌ಒ ನೀರು ಕುಡಿಸಿ, ಬೇಳೆ ಬೇಯಿಸಲು ಟ್ಯಾಂಕಿನ ನಲ್ಲಿ ತಿರುಗಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರಂತೂ ಅಡುಗೆಗೆ ಬೇಡವೇ ಬೇಡ.

ಊಹೆಯಲ್ಲಿ ಜಗಳ ಬೇಡ, ನೀರನ್ನು ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವೂ ಇದೆ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳಗಿದ್ದರೆ ಚಿಂತೆಯಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ 1.5 ವರೆಗೆ, ಅದರ ಮೇಲೆ ಕೂಡದು. ಪರೀಕ್ಷೆಯ ಚೀಟಿ ಕೈಯಲ್ಲಿ ಹಿಡಿದು ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದರೆ ಮಾತಿಗೆ ತೂಕ ಬರುತ್ತೆ.

ಈಗ ಬಂದಿರುವ ಪಟ್ಟೆ ತಾನಾಗಿ ಮಾಯುವುದಿಲ್ಲ. ಆದರೆ ದಂತವೈದ್ಯರು ಅದನ್ನು ತಿಳಿಯಾಗಿಸಬಹುದು, ಮೇಲೆ ಹಲ್ಲಿನ ಬಣ್ಣದ ಲೇಪ ಕೊಡಬಹುದು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲೇ, ಅಂದರೆ ಸುಮಾರು ಎಂಟು ವರ್ಷದ ಒಳಗೆ, ಈ ಕಲೆ ಬೀಳುವುದು. ಹಾಗಾಗಿ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರ ನೀರನ್ನು ಇವತ್ತೇ ಬದಲಿಸಿ. ಹಾಲು, ರಾಗಿ, ನುಗ್ಗೆಸೊಪ್ಪು, ಸೀಬೆಹಣ್ಣು, ನೆಲ್ಲಿಕಾಯಿ ಕೊಡಿ. ಚಹಾ ಮಕ್ಕಳಿಗೆ ಬೇಡ, ಅದರ ಎಲೆಯಲ್ಲೂ ಫ್ಲೋರೈಡ್ ಇದೆ.

ಪ್ರಶ್ನೆ: ನಮ್ಮದು ಪ್ರೌಢಶಾಲೆ. ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ತಂದ ಬಾಟಲಿ ಹಾಗೇ ವಾಪಸ್. ನಿಜ ಹೇಳಬೇಕೆಂದರೆ ನಾನೂ ಕುಡಿಯಲ್ಲ, ಆಗಾಗ ಉರಿಮೂತ್ರ ಬರುತ್ತೆ. ನೀರು ಕುಡಿಯುವ ಬಗ್ಗೆ ಮಕ್ಕಳಲ್ಲಿ ಅರಿವು ಮೂಡಿಸುವುದು ಹೇಗೆ?
*ಶಿಕ್ಷಕಿ, ಪಾವಗಡ*

ಉತ್ತರ: ಅರಿವು ಸಾಕಷ್ಟಿದೆ ಮೇಡಂ, ಚಿಲಕ ಇಲ್ಲ. ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ, ಬಕೆಟ್ಟು, ಮಗ್ಗು, ಸೋಪು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯಾ? ಪಾವಗಡದ ಬಿಸಿಲಲ್ಲಿ ಬಾಯಾರದ ಮಗು ಉಂಟೇ? ಕುಡಿದರೆ ಅಲ್ಲಿಗೆ ಹೋಗಬೇಕಾಗುತ್ತೆ ಅಂತ ಹೆದರಿ ತಡೆದುಕೊಂಡಿರುತ್ತಾರೆ. ನೀವೂ ಅದಕ್ಕೇ ಕುಡಿಯಲ್ಲ, ಅಲ್ವಾ?

ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯಲು ಶುರು ಮಾಡಿದರು, ಆಮೇಲೆ ನಮ್ಮಲ್ಲೂ ಆ ಮಾತು ಬಂತು. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ: ನೂರು ಹುಡುಗಿಯರು, ಎರಡು ಶೌಚಾಲಯ, ಹತ್ತು ನಿಮಿಷ ಬಿಡುವು. ಒಬ್ಬೊಬ್ಬರಿಗೆ ಎರಡು ನಿಮಿಷ ಅಂದರೂ ಹತ್ತು ಜನ ಹೋಗಿಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತೆ. ಉಳಿದ ತೊಂಬತ್ತು ಮಂದಿಗೆ ನೀರಿನ ಗಂಟೆ ಹೊಡೆದು ಏನು ಪ್ರಯೋಜನ? ಎಂಟು, ಒಂಬತ್ತು, ಹತ್ತನೇ ತರಗತಿಗೆ ಬೇರೆ ಬೇರೆ ಹೊತ್ತಿಗೆ ಬಿಡುವು ಕೊಡಿ. ಪಾಠದ ಮಧ್ಯೆ ಮಗು ಎದ್ದು ನಿಂತರೆ ‘ಈಗೇನಾ?’ ಅನ್ನದೆ ಕಳಿಸುವುದು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಪ್ಪಿಕೊಳ್ಳಿ, ಗಣಿತದ ಮೇಷ್ಟ್ರೂ ಸೇರಿ.

ದುಡ್ಡಿಲ್ಲ ಅಂದರೆ ನೆನಪಿಸಿ: ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಲ್ಲಿ ಶಾಲೆಗೆ ಬರುವ ಅನುದಾನದಲ್ಲಿ ಕನಿಷ್ಠ ನೂರಕ್ಕೆ 10 ಭಾಗ ಸ್ವಚ್ಛತೆಗೇ ಖರ್ಚಾಗಬೇಕು. ಚಿಲಕಕ್ಕೆ ಎಷ್ಟಾದೀತು?

ಇನ್ನು ನಿಮ್ಮ ಉರಿಮೂತ್ರ. ಹಿಂದಿನ ಸಲ ಉಳಿದ ಮಾತ್ರೆ ನುಂಗಬೇಡಿ, ಮೆಡಿಕಲ್ ಶಾಪಿನವರ ಮಾತು ಕೇಳಿ ಆಂಟಿಬಯೋಟಿಕ್ ತರಬೇಡಿ. ಮೂತ್ರ ಪರೀಕ್ಷೆ ಮಾಡಿಸಿ. ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದಲ್ಲಿ ಸಕ್ಕರೆಯ ಅಂಶವನ್ನೂ ನೋಡಿಸಿ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಸೇರಿಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ, ಪರೀಕ್ಷೆ ಪೇಪರು ತಿದ್ದುವುದು ಇದ್ದೇ ಇರುತ್ತೆ.

ಪ್ರಶ್ನೆ: ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ತಿಂದರೆ ಮಗಳಿಗೆ ವಾಕರಿಕೆ, ಮಲ ಕಪ್ಪಗೆ ಹೋಗುತ್ತೆ. ನಿಲ್ಲಿಸಲಾ? ದಿನಾ ಮುದ್ದೆ ತಿನ್ನುವ ಮಗುವಿಗೆ ರಕ್ತ ಕಮ್ಮಿ ಹೇಗಾಗುತ್ತೆ?
*ತಂದೆ, ಶ್ರೀನಿವಾಸಪುರ*

ಉತ್ತರ: ನಿಲ್ಲಿಸಬೇಡಿ. ಅದು ವಾರಕ್ಕೊಂದು ಕೊಡುವ ಕಬ್ಬಿಣದ ಮಾತ್ರೆ, ಮಲ ಕಪ್ಪಾಗುವುದು ಸಹಜ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತೆ, ಬಿಸಿಯೂಟ ಆದ ಮೇಲೆ ಕೊಡಲು ಹೇಳಿ. ಹಾಲು, ಚಹಾ ಜೊತೆ ಬೇಡ. ವಾಂತಿಯೇ ಆಗುತ್ತಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ.

ರಾಗಿಯ ಹೆಚ್ಚುಗಾರಿಕೆ ಸುಣ್ಣದ ಅಂಶದಲ್ಲಿ (ಕ್ಯಾಲ್ಸಿಯಂ). ಕಬ್ಬಿಣವೂ ಇದೆ, ಆದರೆ ಕಾಳಿನ ಸಿಪ್ಪೆಯಲ್ಲಿರುವ ಕೆಲವು ಅಂಶಗಳು ಅದನ್ನು ಮೈಗೆ ಪೂರ್ತಿ ಹತ್ತಲು ಬಿಡಲ್ಲ. ಮೊಳಕೆ ಕಟ್ಟಿದ ರಾಗಿ ವಾಸಿ. ಬಸ್ಸಾರಿಗೆ ನಿಂಬೆಹಣ್ಣು ಹಿಂಡಿ. ಊಟವಾದ ತಕ್ಷಣ ಮಗು ಚಹಾ ಕುಡಿಯುತ್ತಿದ್ದರೆ ಬಿಡಿಸಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸು ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ, ಕೆಲವು ಹುಳ ಕರುಳಲ್ಲಿ ಕೂತು ರಕ್ತ ಹೀರುತ್ತವೆ.

ಪ್ರಶ್ನೆ: ಆರೋಗ್ಯ ದಿನಾಚರಣೆಗೆ ಹಳೆ ವಿದ್ಯಾರ್ಥಿಗಳು ಸ್ವಲ್ಪ ಹಣ ಕೊಟ್ಟಿದ್ದಾರೆ. ಭಾಷಣಕ್ಕೆ ಯಾರನ್ನು ಕರೆಯಬಹುದು?
*ಮುಖ್ಯ ಶಿಕ್ಷಕರು, ತುಮಕೂರು*

ಉತ್ತರ: ಯಾರನ್ನೂ ಬೇಡ ಸಾರ್. ಶಾಮಿಯಾನ, ಹಾರ, ಶಾಲು ಬಿಟ್ಟರೆ ಆ ದುಡ್ಡಲ್ಲಿ ತಿಂಗಳುಗಟ್ಟಲೆ ಕೈತೊಳೆಯುವ ಸೋಪು ಬರುತ್ತೆ. ಮಕ್ಕಳನ್ನು ನೋಡಲು ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ವೈದ್ಯರ ತಂಡ ಹೇಗೂ ಬರಬೇಕು. ಬಂದಾಗ ‘ಇವನಿಗೆ ಬೋರ್ಡು ಕಾಣಲ್ಲ, ಇವಳಿಗೆ ಕಿವಿ ಮಂದ’ ಅಂತ ತರಗತಿವಾರು ಪಟ್ಟಿ ಸಿದ್ಧ ಇರಲಿ. ಮೂವತ್ತು ದಾಟಿದ ಸಿಬ್ಬಂದಿಗೆಲ್ಲ ಬಿಪಿ, ಶುಗರ್ ನೋಡಿಸಿ, ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಬಿಸಿಯೂಟದ ಅಕ್ಕಂದಿರನ್ನು ಮರೆಯಬೇಡಿ, ದಿನವಿಡೀ ಒಲೆ ಮುಂದೆ ನಿಲ್ಲುವವರನ್ನು ಸಿಬ್ಬಂದಿ ಅಂತ ಯಾರೂ ಎಣಿಸುವುದೇ ಇಲ್ಲ. ಶಾಲೆಯಿಂದ 100 ಮೀಟರ್ ಒಳಗೆ ಬೀಡಿ, ಸಿಗರೇಟು ಮಾರುವ ಹಾಗಿಲ್ಲ. ಅಂಗಡಿಯವರಿಗೆ ಒಂದು ಸಲ ಮರ್ಯಾದೆಯಿಂದ ಹೇಳಿ, ಎರಡನೇ ಸಲ ಪೊಲೀಸರಿಗೆ ಬರೆಯಿರಿ.

ಪ್ರಶ್ನೆ: ನಲಿಕಲಿ ತರಗತಿ (ಒಂದರಿಂದ ಮೂರನೇ ತರಗತಿಯ ಚಿಕ್ಕ ಮಕ್ಕಳು ಆಟದ ಜೊತೆ ಕಲಿಯುವುದು), ಮೂವತ್ತು ಮಕ್ಕಳು. ಸಂಜೆಯಾದರೆ ಗಂಟಲು ಕಟ್ಟುತ್ತೆ. ಶುಂಠಿ, ಕಲ್ಲುಸಕ್ಕರೆ ಎಲ್ಲ ಆಯಿತು.
*ಶಿಕ್ಷಕರು, ಗೌರಿಬಿದನೂರು*

ಉತ್ತರ: ಕೂಗುವುದನ್ನು ಕಮ್ಮಿ ಮಾಡಿ, ಮಕ್ಕಳನ್ನು ಸುಮ್ಮನಾಗಿಸಲು ಚಪ್ಪಾಳೆಯೋ ಗಂಟೆಯೋ ಸಾಕು. ಗಂಟಲು ಕಟ್ಟಿದಾಗ ಪಿಸುಮಾತಾಡಿದರೂ ಶ್ರಮವೇ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿರಿ. ದನಿ ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ. ಬೀಡಿ ಸಿಗರೇಟು ಸೇದುವವರಾದರೆ ಅಷ್ಟು ದಿನವೂ ಕಾಯಬೇಡಿ.