ಹಿಮ ಬಿದ್ದ ದಿನ ಕೆಲಸಕ್ಕೆ ಹೊರಡುವುದು: ಶೆಟ್ಟರ ಪ್ರಶ್ನೆಗೆ ಉತ್ತರ

ಶೆಟ್ಟರೇ,

ನಿಮ್ಮ ಮಗ ಜನವರಿಯ ಮೊದಲ ವಾರ ಕೆನಡಾದ ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಕೆಲಸಕ್ಕೆ ಸೇರುತ್ತಾನೆ, ಹೋದ ಕೂಡಲೇ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಳ್ಳುವ ಯೋಚನೆಯಿದೆ ಎಂದು ಬರೆದಿದ್ದೀರಿ. ಆಲ್ ವೀಲ್ ಡ್ರೈವ್ ಇರುವ ಕಾರು ಕೊಂಡರೆ ಚಳಿಗಾಲದ ಟೈರಿನ ಖರ್ಚು ಉಳಿಯುತ್ತದೆಯೇ, ಹಿಮ ಬಿದ್ದ ದಿನ ಎಷ್ಟು ಮುಂಚೆ ಮನೆ ಬಿಡಬೇಕು ಎಂಬುದು ನಿಮ್ಮ ಪ್ರಶ್ನೆ. ಉಡುಪಿಯ ವಾಹನಾಸಕ್ತರ ಈ ಗುಂಪಿನಲ್ಲಿ ಹಿಮದ ಮಾತು ಬಂದದ್ದು ಇದೇ ಮೊದಲಿರಬೇಕು. ಅದೇ ಊರಿನಲ್ಲಿ ಹನ್ನೊಂದು ಚಳಿಗಾಲ ಕಾರು ಓಡಿಸಿ ಈಗ ಮಣಿಪಾಲಕ್ಕೆ ಮರಳಿರುವ ನಾನು ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಟೈರಿನ ಖರ್ಚು ಉಳಿಯುವುದಿಲ್ಲ. ಆಲ್ ವೀಲ್ ಡ್ರೈವ್ ಇದ್ದರೆ ನಾಲ್ಕು ಚಕ್ರಗಳೂ ಎಳೆಯುವುದರಿಂದ ಕಾರು ಹಿಮದಲ್ಲಿ ಸಲೀಸಾಗಿ ಹೊರಡುತ್ತದೆ, ನಿಜ. ಆದರೆ ಬ್ರೇಕ್ ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೇ ಇರುವಾಗ, ನಿಲ್ಲಿಸುವ ವಿಷಯದಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವೇನೂ ಇಲ್ಲ. ಹಿಮದ ದಿನ ರಸ್ತೆಯ ಬದಿಯ ತಗ್ಗಿಗೆ ಇಳಿದು ನಿಂತ ಕಾರುಗಳಲ್ಲಿ ದೊಡ್ಡ ದೊಡ್ಡ ಎಸ್‌ಯುವಿಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಹೊರಡುವಾಗ ಕಾರು ಜಾರದಿದ್ದರೆ ರಸ್ತೆ ಚೆನ್ನಾಗಿದೆ ಎಂಬ ಭಾವನೆ ಚಾಲಕನಿಗೆ ಬಂದುಬಿಡುತ್ತದೆ. ಅದು ತಪ್ಪೆಂದು ತಿಳಿಯುವುದು ಮುಂದಿನ ಸಿಗ್ನಲ್‌ನಲ್ಲಿ.

ವ್ಯತ್ಯಾಸವಿರುವುದು ರಬ್ಬರಿನಲ್ಲಿ. ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಂತೆ ಸಾಮಾನ್ಯ ಆಲ್ ಸೀಸನ್ ಟೈರಿನ ರಬ್ಬರ್ ಗಡುಸಾಗಿ ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಒಂದು ಹಿಮದ ಹರಳಿನ ಚಿತ್ರ ಟೈರಿನ ಬದಿಯಲ್ಲಿದ್ದರೆ ಮಾತ್ರ ಅದನ್ನು ಚಳಿಗಾಲಕ್ಕೆ ನಂಬಬಹುದು. ನಾಲ್ಕನ್ನೂ ಹಾಕಿಸಬೇಕು. ಹಣ ಉಳಿಸಲು ಮುಂದಿನ ಎರಡಕ್ಕಷ್ಟೇ ಹಾಕಿಸಿದರೆ ತಿರುವಿನಲ್ಲಿ ಮುಂಭಾಗ ಹಿಡಿದು ನಿಲ್ಲುತ್ತದೆ, ಹಿಂಭಾಗ ಬೀಸಿಕೊಂಡು ಹೊರಗೆ ಬರುತ್ತದೆ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಈ ಟೈರುಗಳು ಕಾನೂನಿನಂತೆ ಕಡ್ಡಾಯ. ಮಿಸ್ಸಿಸಾಗಾ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕಡ್ಡಾಯವಿಲ್ಲದಿದ್ದರೂ, ಹಾಕಿಸಿದವರಿಗೆ ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡಲೇಬೇಕೆಂಬ ನಿಯಮ 2016ರಿಂದ ಇದೆ. ಮಗನಿಗೆ ಅದನ್ನು ಕೇಳಿ ಪಡೆಯಲು ಹೇಳಿ, ಕೇಳದಿದ್ದರೆ ತಾವಾಗಿ ನೆನಪಿಸುವವರು ಕಡಿಮೆ.

ಸೆಕೆಂಡ್ ಹ್ಯಾಂಡ್ ಕಾರಿನ ಜೊತೆಗೆ ಎಷ್ಟೋ ಸಲ ಹಳೆಯ ವಿಂಟರ್ ಟೈರುಗಳನ್ನೂ ಕೊಡುತ್ತಾರೆ. ಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 3521 ಎಂದಿದ್ದರೆ 2021ರ 35ನೇ ವಾರ. ಟ್ರೆಡ್ಡಿನ, ಅಂದರೆ ಟೈರಿನ ಮೈಮೇಲಿನ ಗೀರುಗಳ, ಆಳ 4 ಮಿಲಿಮೀಟರಿನ ಹತ್ತಿರಕ್ಕೆ ಸವೆದಿದ್ದರೆ ಹಿಮಕ್ಕೆ ಅದು ಪ್ರಯೋಜನವಿಲ್ಲ, ನಮ್ಮ ಬೇಸಿಗೆಯ ರಸ್ತೆಯಲ್ಲಿ ಇನ್ನೊಂದು ವರ್ಷ ಓಡಬಹುದಾದ ಟೈರಾದರೂ ಸರಿ. ಗಾಳಿಯ ಒತ್ತಡವೂ ಚಳಿಗೆ ಇಳಿಯುತ್ತದೆ, ತಾಪಮಾನ ಐದಾರು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ. ಕಾರಿನಡಿಯ ತುಕ್ಕನ್ನಂತೂ ತಪ್ಪದೆ ನೋಡಬೇಕು. ಮಲ್ಪೆ ಕಡಲ ಕಡೆಯ ಉಪ್ಪುಗಾಳಿಗೆ ಬೈಕುಗಳು ಏನಾಗುತ್ತವೆಂದು ನಮಗೆ ಗೊತ್ತಿದೆ. ಅಲ್ಲಿ ರಸ್ತೆಗೇ ಉಪ್ಪು ಸುರಿಯುತ್ತಾರೆ. ಲಿಫ್ಟ್‌ಗೆ ಹಾಕಿಸಿ ಬ್ರೇಕ್ ಪೈಪ್ ಮತ್ತು ಚಕ್ರದ ಕಮಾನಿನ ಒಳಬದಿಯನ್ನು ನೋಡದೆ ಹಣ ಕೊಡುವುದು ಬೇಡ.

ಇನ್ನು ಹಿಮದ ವಿಷಯ. ಟೊರಾಂಟೊದಲ್ಲಿ ವರ್ಷಕ್ಕೆ ಬೀಳುವ ಹಿಮ ಸುಮಾರು 120 ಸೆಂಟಿಮೀಟರ್. ಸಾಮಾನ್ಯವಾಗಿ ಹತ್ತು ಪಾಲು ಹಿಮ ಕರಗಿದರೆ ಒಂದು ಪಾಲು ನೀರು ಎಂದು ಲೆಕ್ಕ ಹಾಕಿದರೆ ಇದು 120 ಮಿಲಿಮೀಟರ್ ಮಳೆಗೆ ಸಮ. ಅಂದರೆ ಭಾರಿ ಮಳೆಯ ಆರೆಂಜ್ ಅಲರ್ಟ್ ಇರುವ ಆಟಿ ತಿಂಗಳ ಒಂದೇ ದಿನದಲ್ಲಿ ಉಡುಪಿಯಲ್ಲಿ ಸುರಿಯುವಷ್ಟು ನೀರು ಅಲ್ಲಿ ಇಡೀ ಚಳಿಗಾಲಕ್ಕೆ. ನಮ್ಮ ನೀರು ಸುವರ್ಣಾ ನದಿ ಸೇರಿ ಸಂಜೆಯೊಳಗೆ ಸಮುದ್ರ ಕಾಣುತ್ತದೆ, ಅವರದು ಬಿದ್ದಲ್ಲೇ ಕೂರುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ತೊಂದರೆಯೆಲ್ಲ ಅದರಿಂದಲೇ. 1999ರ ಜನವರಿಯಲ್ಲಿ ಎರಡು ವಾರ ಮೇಲಿಂದ ಮೇಲೆ ಬಿದ್ದ ಹಿಮವನ್ನು ತೆಗೆಯಲು ಅಲ್ಲಿನ ಮೇಯರ್ ಮೆಲ್ ಲಾಸ್ಟ್‌ಮನ್ ಸೈನ್ಯವನ್ನೇ ಕರೆಸಿದ್ದರು, ಉಳಿದ ಕೆನಡಾದವರು ಇಂದಿಗೂ ಅದನ್ನು ಹೇಳಿ ನಗುತ್ತಾರೆ.

ಕಣ್ಣಿಗೆ ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆಗೆ ಹೆದರಬೇಕು. ಹಗಲು ತುಸು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ ಡಾಂಬರಿನ ಮೇಲೆ ಗಾಜಿನಂಥ ತೆಳು ಪದರವಾಗುತ್ತದೆ. ಅಡಿಯ ಕಪ್ಪು ರಸ್ತೆಯೇ ಕಾಣುವುದರಿಂದ ಅದನ್ನು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳವನ್ನು ನೆನೆಸಿಕೊಳ್ಳಿ. ನೋಡಲು ಅದು ಬರೀ ಒದ್ದೆ ನೆಲ, ಆದರೆ ಮನೆಯವರಿಗೆಲ್ಲ ಎಲ್ಲಿ ಕಾಲಿಡಬಾರದೆಂದು ಗೊತ್ತು. ಅಲ್ಲಿ ಅಡಿಕೆ ದಬ್ಬೆಯನ್ನೋ ತೆಂಗಿನ ಮಡಲನ್ನೋ ಹಾಸಿರುತ್ತಾರೆ, ಬೀಳುವುದು ಹೊಸದಾಗಿ ಬಂದ ನೆಂಟರು. ಮೊದಲ ಚಳಿಗಾಲದಲ್ಲಿ ನಿಮ್ಮ ಮಗ ಅಲ್ಲಿನ ಅಂಗಳಕ್ಕೆ ನೆಂಟ. ಸೇತುವೆ ಮತ್ತು ಫ್ಲೈಓವರ್‌ಗಳ ಮೇಲೆ ಮೊದಲು ಹೆಪ್ಪುಗಟ್ಟುತ್ತದೆ, ಏಕೆಂದರೆ ಅವುಗಳಿಗೆ ಕೆಳಗಿನಿಂದ ಮಣ್ಣಿನ ಬಿಸಿಯಿಲ್ಲ, ಮೇಲೂ ಕೆಳಗೂ ತಣ್ಣನೆಯ ಗಾಳಿ. ರಸ್ತೆಗೆ ಸುರಿಯುವ ಉಪ್ಪು ಸುಮಾರು ಮೈನಸ್ 10 ಡಿಗ್ರಿಯವರೆಗೆ ಚೆನ್ನಾಗಿ ಕರಗಿಸುತ್ತದೆ. ಅದಕ್ಕಿಂತ ಕೆಳಗೆ ಅದರ ಕೆಲಸ ತೀರ ನಿಧಾನ. ಆದ್ದರಿಂದ ಉಪ್ಪು ಬಿದ್ದಿದೆಯೆಂಬ ಧೈರ್ಯ ಸೊನ್ನೆಯ ಆಸುಪಾಸಿನಲ್ಲಿ ಸರಿ, ಮೈನಸ್ 18ರಲ್ಲಿ ಸಲ್ಲದು.

ಓಡಿಸುವ ರೀತಿಯಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಯಲ್ಲಿ ಸೆಕೆಂಡ್ ಗೇರಿನಲ್ಲಿ, ಬ್ರೇಕಿಗೆ ಕಾಲು ತಾಗಿಯೂ ತಾಗದಂತೆ ಇಳಿದ ಅಭ್ಯಾಸವಿದ್ದವನಿಗೆ ಹಿಮದಲ್ಲಿ ಮುಕ್ಕಾಲು ಪಾಲು ಗೊತ್ತಿದ್ದಂತೆಯೇ. ವೇಗ, ತಿರುವು, ಬ್ರೇಕ್ ಯಾವುದನ್ನೂ ಹಠಾತ್ತನೆ ಮಾಡಬಾರದು, ತಿರುವಿಗೆ ಮೊದಲೇ ವೇಗ ಇಳಿಸಿರಬೇಕು, ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಹಾಕಲೇಬಾರದು. ಗಟ್ಟಿಯಾಗಿ ಬ್ರೇಕ್ ಒತ್ತಬೇಕಾಗಿ ಬಂದರೆ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕಾಲಿನಡಿಯಲ್ಲಿ ಗಡಗಡ ನಡುಗುತ್ತದೆ, ಹೆದರಿ ಕಾಲು ತೆಗೆಯದೆ ಒತ್ತಿಯೇ ಇರಬೇಕು. ಹಿಂಭಾಗ ಜಾರಿದರೆ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ಕಡೆಗೆ ಕಣ್ಣಿಟ್ಟು ಸ್ಟಿಯರಿಂಗನ್ನು ಆ ಕಡೆಗೆ ಮೆಲ್ಲನೆ ತಿರುಗಿಸಬೇಕು. ಇದನ್ನು ಓದಿ ಕಲಿಯಲಾಗುವುದಿಲ್ಲ. ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ ಮೂವತ್ತರ ವೇಗದಲ್ಲಿ ನಾಲ್ಕು ಸಲ ಬ್ರೇಕ್ ಒತ್ತಿ, ಕಾರು ಎಲ್ಲಿ ನಿಲ್ಲುತ್ತದೆಂದು ಅವನೇ ನೋಡಲಿ.

ನನ್ನ ಮೊದಲ ಡಿಸೆಂಬರಿನ ಒಂದು ಮೂರ್ಖತನವನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ವಾಷರ್ ಟ್ಯಾಂಕಿಗೆ ನಳ್ಳಿ ನೀರು ಸುರಿಯುವುದೇ ರೂಢಿ. ನಾನೂ ಹಾಗೆಯೇ ಸುರಿದಿದ್ದೆ. ಬೆಳಿಗ್ಗೆ ಏಳೂಕಾಲಕ್ಕೆ, ಇನ್ನೂ ಕತ್ತಲಿರುವಾಗ, 401 ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಉಪ್ಪು ಬೆರೆತ ಕೆಸರು ಗಾಜಿಗೆ ರಪ್ಪನೆ ಬಡಿಯಿತು. ವೈಪರ್ ಒಮ್ಮೆ ಆಡಿದ್ದೇ ತಡ, ಗಾಜಿನುದ್ದಕ್ಕೂ ಸುಣ್ಣ ಬಳಿದಂತೆ ಬಿಳಿ ಪದರ ಹರಡಿತು. ವಾಷರಿನ ಗುಂಡಿ ಒತ್ತಿದರೆ ಮೋಟಾರ್ ಗುಂಯ್ ಎಂದಿತೇ ಹೊರತು ಹನಿ ನೀರು ಬರಲಿಲ್ಲ, ಟ್ಯಾಂಕು ಗಡ್ಡೆಯಾಗಿತ್ತು. ಅಕ್ಕಪಕ್ಕದ ದೀಪಗಳು ಮಸುಕಾದ ಹಳದಿ ಚುಕ್ಕೆಗಳಾದವು. ಬದಿಯ ಕಿಟಕಿ ಇಳಿಸಿ, ತಲೆ ಹೊರಹಾಕಿ, ಮುಂದಿನ ನಿರ್ಗಮನದವರೆಗೆ ಹೋಗಿ, ರಸ್ತೆಯ ಪಕ್ಕದ ಹಿಮವನ್ನೇ ಮುಷ್ಟಿಯಲ್ಲಿ ತೆಗೆದು ಗಾಜು ಉಜ್ಜಿದೆ. ಅಂದು ತಲೆ ಹೊರಹಾಕಿದ್ದ ಕಡೆಯ ಕಿವಿ ಸಂಜೆಯವರೆಗೂ ಉರಿಯುತ್ತಿತ್ತು. ಮೆಥನಾಲ್ ಬೆರೆಸಿದ ನೀಲಿ ವಾಷರ್ ದ್ರವ ಅಲ್ಲಿ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ. ಮೈನಸ್ 40 ಎಂದು ಬರೆದಿರುವ ಕ್ಯಾನ್ ಒಂದನ್ನು ಡಿಕ್ಕಿಯಲ್ಲಿ ಯಾವಾಗಲೂ ಇಟ್ಟಿರಬೇಕು.

ಡಿಕ್ಕಿಯಲ್ಲಿ ಉಳಿದಂತೆ ಉದ್ದ ಹಿಡಿಯ ಬ್ರಷ್, ಸಣ್ಣ ಸಲಿಕೆ, ಒಂದು ಚೀಲ ಮರಳು, ಕಂಬಳಿ, ಜಂಪರ್ ಕೇಬಲ್ ಸಾಕು. ಮೈನಸ್ 18ರ ಹೊತ್ತಿಗೆ ಬ್ಯಾಟರಿಯ ಸ್ಟಾರ್ಟ್ ಮಾಡುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಹಳೆಯ ಬ್ಯಾಟರಿಯನ್ನು ಕೊಂಡ ವಾರವೇ ಪರೀಕ್ಷಿಸಿ ಬದಲಿಸುವುದು ಲೇಸು. ಎಂಜಿನ್ನಿನ ಕೂಲಂಟ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆತಿರಬೇಕು, ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಬರಬಾರದು.

ಬೆಳಗಿನ ಕೆಲಸ ಹೀಗಿರುತ್ತದೆ. ರಾತ್ರಿ ಬಿದ್ದ ಹಿಮವನ್ನು ಮೊದಲು ಡ್ರೈವ್‌ವೇಯಿಂದ ತೆಗೆಯಬೇಕು. ಅಷ್ಟು ಮುಗಿಸುವ ಹೊತ್ತಿಗೆ ನಗರದ ಹಿಮ ತಳ್ಳುವ ಗಾಡಿ ಬಂದು, ರಸ್ತೆಯ ಹಿಮವನ್ನೆಲ್ಲ ನಮ್ಮ ದಣಪೆಯ ಬಾಯಿಗೆ ಒಡ್ಡಿನಂತೆ ಪೇರಿಸಿ ಹೋಗುತ್ತದೆ. ಅದು ಗಟ್ಟಿ, ಭಾರ, ಮತ್ತು ಸಿಟ್ಟು ತರಿಸುವಂಥದ್ದು. ಎತ್ತಿ ಎಸೆಯುವ ಬದಲು ಆದಷ್ಟು ತಳ್ಳಬೇಕು, ಏಕೆಂದರೆ ಚಳಿಯಲ್ಲಿ ಹಿಮ ಎತ್ತುವಾಗ ಹೃದಯಾಘಾತವಾಗುವುದು ಅಲ್ಲಿ ಹೊಸ ಸುದ್ದಿಯಲ್ಲ. ಸ್ಟಾರ್ಟ್ ಮಾಡುವ ಮುಂಚೆ ಸೈಲೆನ್ಸರಿನ ಬಾಯಿಗೆ ಹಿಮ ಮುಚ್ಚಿದೆಯೇ ಎಂದು ನೋಡಲೇಬೇಕು. ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೇ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಗಾಜಿಗೆ ಅಂಟಿದ ಮಂಜುಗಡ್ಡೆಯನ್ನು ತೆಂಗಿನಕಾಯಿ ಹೆರೆದಂತೆ ಹೆರೆಯಬೇಕೇ ಹೊರತು ಬಿಸಿನೀರು ಸುರಿಯಬಾರದು, ಗಾಜು ಸೀಳುತ್ತದೆ. ಕಾರಿನ ಮಾಡಿನ ಮೇಲಿನ ಹಿಮವನ್ನೂ ಗುಡಿಸಬೇಕು, ಇಲ್ಲದಿದ್ದರೆ ಮೊದಲ ಬ್ರೇಕಿಗೆ ಅದು ಇಡಿಯಾಗಿ ಮುಂದಿನ ಗಾಜಿನ ಮೇಲೆ ಜಾರುತ್ತದೆ. ಒಳಗಿನ ಮಬ್ಬಿಗೆ ನಮ್ಮ ಮಳೆಗಾಲದ ಉಪಾಯವೇ: ಹೀಟರಿನ ಜೊತೆ ಎಸಿಯನ್ನೂ ಹಾಕಿ, ಹೊರಗಿನ ಗಾಳಿ ಬರುವಂತೆ ಇಟ್ಟರೆ ತೇವ ಹೀರಿ ಗಾಜು ತಿಳಿಯಾಗುತ್ತದೆ.

ಬಟ್ಟೆಯ ಬಗ್ಗೆ ಅಮ್ಮಂದಿರು ಎಷ್ಟು ಸ್ವೆಟರ್ ಕಟ್ಟಿಕೊಟ್ಟರೂ ಒಳಗಿನ ಹತ್ತಿಯ ಬನಿಯನ್ ಎಲ್ಲವನ್ನೂ ಕೆಡಿಸುತ್ತದೆ. ಹಿಮ ತೆಗೆಯುವಾಗ ಬೆವರುತ್ತದೆ, ಹತ್ತಿ ಆ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಸ್ಸಿಗೆ ಕಾಯುವಾಗ ಅದೇ ಬೆನ್ನಿಗೆ ತಣ್ಣೀರು ಬಟ್ಟೆ. ಮೈಗೆ ತಾಗುವ ಪದರ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 33ರಂತೆ. ಬಿಟ್ಟ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. (ಈ ಲೆಕ್ಕ ಮನುಷ್ಯರಿಗೆ ಮಾತ್ರ, ಗಾಳಿ ಎಷ್ಟೇ ಬೀಸಲಿ, ಕಾರಿನ ಎಂಜಿನ್ ಮೈನಸ್ 20ಕ್ಕಿಂತ ಕೆಳಗೆ ತಣಿಯುವುದಿಲ್ಲ.) ಕಚೇರಿಯ ಚರ್ಮದ ಬೂಟನ್ನು ಚೀಲದಲ್ಲಿ ಹಾಕಿಕೊಂಡು ರಬ್ಬರ್ ಅಡಿಯ ಬೂಟಿನಲ್ಲಿ ನಡೆಯುವುದು ಅಲ್ಲಿ ಎಲ್ಲರ ಪದ್ಧತಿ. ನಡೆಯುವಾಗ ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ. ಹಾವಸೆಯ ಅಂಗಳದಲ್ಲಿ ಅಜ್ಜಿ ನಡೆಯುತ್ತಿದ್ದರಲ್ಲ, ಹಾಗೆ.

ಎಷ್ಟು ಮುಂಚೆ ಹೊರಡಬೇಕೆಂದು ಕೇಳಿದಿರಿ. ನನಗೆ ಸಾಮಾನ್ಯ ದಿನ ಇಪ್ಪತ್ತೈದು ನಿಮಿಷದ ದಾರಿ. ಹಿಮದ ದಿನ ಅಂಗಳ ಮತ್ತು ಕಾರಿಗೆ ಅರ್ಧ ಗಂಟೆ, ದಾರಿಗೆ ಒಂದು ಗಂಟೆ ಎಂದು ಲೆಕ್ಕ ಹಾಕಿ ಐದೂವರೆಗೆ ಏಳುತ್ತಿದ್ದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಸುಮಾರು 7.50ಕ್ಕೆ, ಮುಳುಗುವುದು ಐದಕ್ಕೆ ಮೊದಲು. ಹೋಗುವುದೂ ಬರುವುದೂ ಕತ್ತಲೆಯಲ್ಲೇ. ಇಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ಕಚೇರಿಗೆ ಯಾರೂ ಕೊಡುವುದಿಲ್ಲ, ಅಲ್ಲೂ ಅಷ್ಟೇ. ಆದರೆ 2022ರ ಜನವರಿ 17ರಂಥ ದಿನಗಳೂ ಬರುತ್ತವೆ, ಅಂದು ನಗರದ ಗಾರ್ಡಿನರ್ ಮತ್ತು ಡಾನ್ ವ್ಯಾಲಿ ಹೆದ್ದಾರಿಗಳನ್ನೇ ಮುಚ್ಚಿದ್ದರು. ಹಿಂದಿನ ರಾತ್ರಿ ಅಲ್ಲಿನ ಹವಾಮಾನ ಇಲಾಖೆಯಾದ ಎನ್ವಿರಾನ್ಮೆಂಟ್ ಕೆನಡಾದ ಮುನ್ಸೂಚನೆ, ಬೆಳಿಗ್ಗೆ ಒಂಟಾರಿಯೊ 511ರಲ್ಲಿ ರಸ್ತೆಯ ಸ್ಥಿತಿ ನೋಡಿಕೊಳ್ಳಲಿ. ಹಿಮಪಾತ ಎಂದಿದ್ದರೆ ಹೊರಡಬಹುದು. ಬಿದ್ದ ಕೂಡಲೇ ಹೆಪ್ಪುಗಟ್ಟುವ ಮಳೆ ಎಂದಿದ್ದರೆ ಮೇಲಧಿಕಾರಿಗೆ ಫೋನು ಮಾಡಿ ಮನೆಯಿಂದಲೇ ಕೆಲಸ ಕೇಳುವುದಕ್ಕೆ ನಾಚಿಕೆ ಬೇಡ, ಅಂಥ ದಿನ ಯಾವ ಟೈರೂ ಕೈಹಿಡಿಯುವುದಿಲ್ಲ.

ನನ್ನ ಸಲಹೆ ಕೇಳುವುದಾದರೆ, ಅವನು ಜನವರಿಯಲ್ಲಿ ಕಾರನ್ನೇ ಕೊಳ್ಳದಿರಲಿ. ಸ್ಟಿಯರಿಂಗ್ ಎಡಕ್ಕೆ, ರಸ್ತೆಯ ಬಲಬದಿಯಲ್ಲಿ ಓಡಾಟ, ಅದರ ಮೇಲೆ ಹಿಮ, ಮೂರನ್ನೂ ಒಟ್ಟಿಗೆ ಕಲಿಯುವುದು ಹೆಚ್ಚಾಯಿತು. ಮೊದಲ ಕೆಲವು ವಾರ ಬಸ್ಸು, ರೈಲಿಗೆ ಹಣ ಕಟ್ಟುವ ಪ್ರೆಸ್ಟೊ ಕಾರ್ಡ್ ಮಾಡಿಸಿಕೊಂಡು ಮಿಸ್ಸಿಸಾಗಾದ ಮಿವೇ ಬಸ್ಸಿನಲ್ಲಿ, ದೂರಕ್ಕಾದರೆ ಗೋ ರೈಲಿನಲ್ಲಿ ಓಡಾಡುತ್ತ, ಉಳಿದವರು ಹೇಗೆ ಓಡಿಸುತ್ತಾರೆಂದು ಕಿಟಕಿಯಿಂದ ನೋಡಲಿ. ಕಾರು ಗೊತ್ತು ಮಾಡಿದ ಮೇಲೆ ಟೈರಿನ ಅಳತೆ, ಬದಿಯ ನಾಲ್ಕಂಕಿ ಮತ್ತು ಕಾರಿನ ಅಡಿಭಾಗ ಕಾಣುವ ಫೋಟೊಗಳನ್ನು ಗುಂಪಿಗೆ ಹಾಕಿಸಿ, ಹಣ ಕೊಡುವ ಮುಂಚೆ ಒಮ್ಮೆ ನೋಡಿ ಹೇಳುತ್ತೇನೆ.