ತಗಡನ್ನು ಸ್ವಲ್ಪ ಮೇಲಕ್ಕೆತ್ತಿ

ಪ್ರಶ್ನೆ: ನಮ್ಮೂರ ಶಾಲೆಗೆ ದಾನಿಯೊಬ್ಬರು ಮೂರು ಕೊಠಡಿ ಕಟ್ಟಿಸಿಕೊಡುತ್ತೇನೆ ಅಂದಿದ್ದಾರೆ. ಈಗಿರುವುದು ತಗಡಿನ ಕೊಠಡಿ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ. ಹೊಸದಕ್ಕೆ ಪಟ್ಟಣದ ಶಾಲೆಗಳ ಹಾಗೆ ಮುಂದೆ ಪೂರ್ತಿ ಗಾಜು, ಸ್ಲೈಡಿಂಗ್ ಕಿಟಕಿ ಹಾಕಿಸಿ ಮಾಡರ್ನ್ ಆಗಿ ಕಟ್ಟೋಣ ಅಂತ ಕೆಲವರು ಹೇಳುತ್ತಿದ್ದಾರೆ. ನೀವೇನು ಹೇಳುತ್ತೀರಿ ಸರ್?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ಗಾಜಿನ ವಿಷಯಕ್ಕೆ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಒಂದು ಶಾಲೆಗೆ ಪಶ್ಚಿಮದ ಕಡೆ ಉದ್ದಕ್ಕೂ ಗಾಜು ಇಟ್ಟು ಪ್ಲ್ಯಾನ್ ಹಾಕಿದ್ದೆ. ಫೋಟೋದಲ್ಲಿ ಚೆನ್ನಾಗಿ ಬಂದಿತ್ತು. ಮುಂದಿನ ಬೇಸಿಗೆಯಲ್ಲಿ ಹೋಗಿ ನೋಡಿದರೆ ಗಾಜಿಗೆಲ್ಲ ಹಳೇ ಪೇಪರು, ಹೋದ ವರ್ಷದ ಕ್ಯಾಲೆಂಡರು ಅಂಟಿಸಿದ್ದಾರೆ. ಮಟಮಟ ಮಧ್ಯಾಹ್ನ ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿದೆ. "ಬಿಸಿಲು ತಡೆಯೋಕಾಗಲ್ಲ ಸರ್, ಅದಕ್ಕೇ" ಅಂದರು ಟೀಚರು. ನಾನು ಸುಮ್ನೆ ತಲೆಯಾಡಿಸಿ ಬಂದೆ.

ಸ್ಲೈಡಿಂಗ್ ಕಿಟಕಿಯೂ ಅಷ್ಟೇ. ಎಷ್ಟೇ ಅಗಲ ಇಡಿ, ತೆರೆಯುವುದು ಅರ್ಧ ಮಾತ್ರ. ಗಾಳಿ ಬೇಕಾದ ಊರಿಗೆ ಎರಡು ಕಡೆ ಬಾಗಿಲಿನ ಹಾಗೆ ತೆರೆಯುವ ಹಳೇ ಕಿಟಕಿಯೇ ಸರಿ.

ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಗಾಂಡೋ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಒಂದು ಹಳ್ಳಿ. ಅಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ (ನಮ್ಮ ಕೆರೆಯಲ್ಲ, ಮನೆತನದ ಹೆಸರೇ ಹಾಗೆ) ಊರಲ್ಲಿ ಶಾಲೆ ಇಲ್ಲದೆ ಏಳನೇ ವಯಸ್ಸಿಗೆ ಬೇರೆ ಊರಿಗೆ ಹೋಗಬೇಕಾಯಿತು. ಮುಂದೆ ಬರ್ಲಿನ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿರುವಾಗಲೇ ದುಡ್ಡು ಕೂಡಿಸಿ ತಮ್ಮೂರಿಗೆ ಶಾಲೆ ಕಟ್ಟಿಸಿದರು. 2001ರಲ್ಲಿ ಮುಗಿಯಿತು. ಅದೂ ಮೂರೇ ಕೊಠಡಿ!

ಅಲ್ಲೂ ಮೇಲಿರುವುದು ತಗಡೇ. ಆದರೆ ಕೊಠಡಿಯ ತಲೆಗೆ ತಾಗಿಕೊಂಡಿಲ್ಲ. ಗೋಡೆಯ ಮೇಲೆ ಕಾಂಕ್ರೀಟ್ ತೊಲೆ, ತೊಲೆಗಳ ಮೇಲೆ ಕಬ್ಬಿಣದ ಸರಳು, ಸರಳಿನ ಮೇಲೆ ಸಂದು ಬಿಟ್ಟು ಜೋಡಿಸಿದ ಮಣ್ಣಿನ ಇಟ್ಟಿಗೆ. ಅದು ಚಾವಣಿ. ಅದರ ಮೇಲೆ ಜಾಗ ಬಿಟ್ಟು, ಸರಳಿನಲ್ಲೇ ಬೆಸುಗೆ ಹಾಕಿದ ಟ್ರಸ್‌ಗಳ (ತ್ರಿಕೋನಗಳಾಗಿ ಹೆಣೆದ ಚೌಕಟ್ಟುಗಳ) ಮೇಲೆ ತಗಡು ಕೂತಿದೆ. ತಗಡು ಕಾದರೂ ಬಿಸಿ ನಡುವಿನ ಗಾಳಿಯಲ್ಲೇ ಹಾರಿಹೋಗುತ್ತದೆ. ಕೊಠಡಿಯೊಳಗಿನ ಬಿಸಿಗಾಳಿ ಸಂದಿನಿಂದ ಮೇಲೇರುತ್ತದೆ, ಕಿಟಕಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಫ್ಯಾನು, ಎಸಿ ಯಾವುದೂ ಬೇಕಾಗಲಿಲ್ಲ. ತಗಡು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುವುದರಿಂದ ಗೋಡೆಗೂ ನೆರಳು. ಕ್ರೇನ್ ತರುವಂತಿರಲಿಲ್ಲ. ಊರಿನವರಿಗೇ ಗರಗಸ, ಚಿಕ್ಕ ವೆಲ್ಡಿಂಗ್ ಮೆಶೀನು ಹಿಡಿಯಲು ಕಲಿಸಿದರು. ಪಾಯದ ಕಲ್ಲನ್ನು ಮಕ್ಕಳೇ ಆರಿಸಿ ತಂದರು. ಈ ಕಟ್ಟಡಕ್ಕೆ 2004ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೆರೆಯವರಿಗೆ ಪ್ರಿಟ್ಸ್‌ಕರ್ ಕೂಡ ಬಂತು, ಆರ್ಕಿಟೆಕ್ಟ್‌ಗಳ ಪಾಲಿಗೆ ಅದೇ ನೊಬೆಲ್ ಇದ್ದ ಹಾಗೆ. ಇದಕ್ಕಿಂತ ಮಾಡರ್ನ್ ಬೇಕಾ ಅಂತ ನಿಮ್ಮ ಕಮಿಟಿಯವರನ್ನು ಕೇಳಿ.

ಹಾಗಂತ ಅದನ್ನೇ ನಕಲು ಮಾಡಬೇಡಿ. ನಿಮ್ಮದು ಎರೆ ಭೂಮಿ ಅಲ್ವಾ? ಆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಇಟ್ಟಿಗೆಗೆ ಆಗದು. ಹತ್ತಿರದಲ್ಲಿ ಒಳ್ಳೆ ಕೆಂಪು ಮಣ್ಣು ಸಿಕ್ಕರೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದಲೇ ಇದರ ಕೆಲಸ ಮಾಡಿದ್ದಾರೆ. ಸಿಗದಿದ್ದರೆ ಮಾಮೂಲಿ ಇಟ್ಟಿಗೆ ಇರಲಿ. ಪಾಯಕ್ಕೆ ಮಾತ್ರ ಮಣ್ಣು ಪರೀಕ್ಷೆ ಮಾಡಿಸದೆ ಗುದ್ದಲಿ ಹಾಕಬೇಡಿ.

ಉದ್ದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಇರಲಿ, ಕಿಟಕಿಗಳೆಲ್ಲ ಅಲ್ಲೇ. ಪಶ್ಚಿಮಕ್ಕೆ ಬರಿ ಗೋಡೆ ಸಾಕು. ಮೇಲೆ ಆರ್‌ಸಿಸಿ ಹಾಕಿಸಿದರೂ ಅದು ದಿನವಿಡೀ ಕಾದು ಸಂಜೆವರೆಗೆ ಬಿಸಿ ಬಿಡುತ್ತದೆ. ಅದರ ಮೇಲೂ ಎರಡು–ಮೂರು ಅಡಿ ಬಿಟ್ಟು ತಗಡಿನ ನೆರಳು ಮಾಡಿಸಿ. ಎತ್ತಿದ ತಗಡಿನ ಕೆಳಗೆ ಬಿರುಗಾಳಿ ಹೊಕ್ಕರೆ ಹಾರಿಸಿಕೊಂಡು ಹೋಗುತ್ತದೆ. ಹಾಗಾಗಿ ಎಷ್ಟು ಬೋಲ್ಟು, ಎಲ್ಲೆಲ್ಲಿ ಅಂತ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ, ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ. ನಡುವಿನ ಜಾಗಕ್ಕೆ ಸುತ್ತಲೂ ಜಾಲರಿ ಹೊಡೆಸುವುದನ್ನು ಮರೆಯಬೇಡಿ. ಪಾರಿವಾಳ ಒಮ್ಮೆ ಗೂಡು ಕಟ್ಟಿತೆಂದರೆ ಹೆಡ್‌ಮಾಸ್ಟರ್ ಬಂದರೂ ಏಳುವುದಿಲ್ಲ.